ಗರ್ಭಕೋಶದ ಜನ್ಮಜಾತ ರಚನಾದೋಷಗಳಿಗೆ ಕನಿಷ್ಠ ಛೇದನ ಶಸ್ತ್ರಚಿಕಿತ್ಸೆ

ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿ ಭ್ರೂಣವಾಗಿರುವಾಗಲೇ ಅದರ ಗರ್ಭಕೋಶದ ಬೆಳವಣಿಗೆಯಲ್ಲಿ ಉಂಟಾಗುವ ವ್ಯತ್ಯಾಸಗಳನ್ನು ಗರ್ಭಕೋಶದ ಜನ್ಮಜಾತ ರಚನಾದೋಷಗಳು ಎಂದು ಕರೆಯಲಾಗುತ್ತದೆ. ಗರ್ಭಕೋಶದ ಒಳಗೆ ನಡುಗೋಡೆ ಇರುವುದು, ಗರ್ಭಕೋಶವು ಎರಡು ಕೊಂಬುಗಳಾಗಿ ಕವಲೊಡೆದಿರುವುದು, ಅರ್ಧ ಭಾಗ ಮಾತ್ರ ಬೆಳೆದಿರುವುದು, ಗರ್ಭಕೋಶವೇ ಇಲ್ಲದಿರುವುದು ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೆಲವನ್ನು ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಸರಿಪಡಿಸುವ ವಿಧಾನಗಳಿಗೆ ಕನಿಷ್ಠ ಛೇದನ ಶಸ್ತ್ರಚಿಕಿತ್ಸೆ ಎಂದು ಹೆಸರು. ಇದರಲ್ಲಿ ಮುಖ್ಯವಾದ ದಾರಿಗಳು ಎರಡು. ಯೋನಿಮಾರ್ಗದ ಮೂಲಕ ತೆಳುವಾದ ದರ್ಶಕವನ್ನು ಗರ್ಭಕೋಶದೊಳಕ್ಕೆ ತೂರಿಸಿ ಮಾಡುವ ಚಿಕಿತ್ಸೆಗೆ ಹಿಸ್ಟರೊಸ್ಕೋಪಿ ಎಂದೂ, ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ದರ್ಶಕವನ್ನೂ ಉಪಕರಣಗಳನ್ನೂ ಒಳಗಿಳಿಸುವ ಚಿಕಿತ್ಸೆಗೆ ಲ್ಯಾಪರೊಸ್ಕೋಪಿ ಎಂದೂ ಹೆಸರು. ಲ್ಯಾಪರೊಸ್ಕೋಪಿ ಎಂಬ ಪದವು ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳಿಂದಾಗಿ ನಮ್ಮ ಹಳ್ಳಿಗಳಿಗೂ ಚಿರಪರಿಚಿತ. ಹಿಸ್ಟರೊಸ್ಕೋಪಿಯ ಹೆಸರನ್ನು ಕೇಳಿದವರು ಕಡಿಮೆ.

ಗಾಯ ಸಣ್ಣದಾಯಿತೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯ ನಿರ್ಧಾರವೂ ಸಣ್ಣದಾಗುವುದಿಲ್ಲ. ಯಾವ ದೋಷಕ್ಕೆ ಕತ್ತರಿ ಬೇಕೇ ಬೇಕು, ಯಾವುದಕ್ಕೆ ಬೇಡ, ಯಾವುದರಲ್ಲಿ ತಜ್ಞರ ನಡುವೆ ಇನ್ನೂ ವಾದ ನಡೆದಿದೆ ಎಂಬ ಭೇದವೇ ಈ ವಿಷಯದ ತಿರುಳು.

ಗರ್ಭಕೋಶ ರೂಪುಗೊಳ್ಳುವ ಬಗೆ

ಭ್ರೂಣಕ್ಕೆ ಸುಮಾರು ಆರು ವಾರಗಳಾದಾಗ ಅದರ ದೇಹದಲ್ಲಿ ಎಡಕ್ಕೊಂದು ಬಲಕ್ಕೊಂದು ಎಂಬಂತೆ ಎರಡು ನಾಳಗಳು ಕಾಣಿಸಿಕೊಳ್ಳುತ್ತವೆ. ಇವನ್ನು 1830ರಲ್ಲಿ ವಿವರಿಸಿದ ಜರ್ಮನಿಯ ಅಂಗರಚನಾ ವಿಜ್ಞಾನಿ ಯೋಹಾನ್ನೆಸ್ ಪೀಟರ್ ಮ್ಯೂಲರ್‌ನ ನೆನಪಿಗಾಗಿ ಇವುಗಳಿಗೆ ಮ್ಯೂಲರ್ ನಾಳಗಳು ಎಂಬ ಹೆಸರು ಬಂದಿದೆ. ಭ್ರೂಣ ಗಂಡಾದರೆ ವೃಷಣಗಳು ಸ್ರವಿಸುವ ಒಂದು ಹಾರ್ಮೋನಿನಿಂದ ಈ ನಾಳಗಳು ಕರಗಿಹೋಗುತ್ತವೆ. ಹೆಣ್ಣಾದರೆ ಅವು ಉಳಿದು ಬೆಳೆಯುತ್ತವೆ. ಮೇಲಿನ ತುದಿಗಳು ಬೇರೆಬೇರೆಯಾಗಿಯೇ ಉಳಿದು ಎರಡು ಅಂಡನಾಳಗಳಾಗುತ್ತವೆ. ಕೆಳಭಾಗಗಳು ದೇಹದ ನಡುವೆ ಒಂದನ್ನೊಂದು ಕೂಡಿಕೊಂಡು ಗರ್ಭಕೋಶವೂ ಗರ್ಭಕಂಠವೂ ಯೋನಿಯ ಮೇಲ್ಭಾಗವೂ ಆಗುತ್ತವೆ. ಎರಡು ಕೊಳವೆಗಳು ಅಂಟಿಕೊಂಡಾಗ ನಡುವೆ ಒಂದು ಗೋಡೆ ಉಳಿಯುವುದು ಸಹಜವಷ್ಟೆ. ಆ ಗೋಡೆ ಕ್ರಮೇಣ ಕರಗಿ, ಇಪ್ಪತ್ತನೆಯ ವಾರದ ಹೊತ್ತಿಗೆ ಒಂದೇ ಕೋಣೆಯ ಗರ್ಭಕೋಶ ಸಿದ್ಧವಾಗುತ್ತದೆ.

ಈ ಕ್ರಮದಲ್ಲಿ ಎಲ್ಲಿ ತಡೆಯುಂಟಾಯಿತು ಎಂಬುದರ ಮೇಲೆ ದೋಷದ ಸ್ವರೂಪ ನಿಂತಿದೆ. ನಾಳಗಳು ಬೆಳೆಯದೇ ಹೋದರೆ ಗರ್ಭಕೋಶ ಇರುವುದಿಲ್ಲ. ಒಂದೇ ನಾಳ ಪೂರ್ಣವಾಗಿ ಬೆಳೆದರೆ ಏಕಶೃಂಗ ಗರ್ಭಕೋಶ, ಅಂದರೆ ಒಂದೇ ಕೊಂಬಿನ ಗರ್ಭಕೋಶ ಉಂಟಾಗುತ್ತದೆ. ಎರಡೂ ಬೆಳೆದು ಕೂಡಿಕೊಳ್ಳದಿದ್ದರೆ ಜೋಡಿ ಗರ್ಭಕೋಶ, ಅರ್ಧ ಮಾತ್ರ ಕೂಡಿದರೆ ದ್ವಿಶೃಂಗ ಗರ್ಭಕೋಶ. ಚೆನ್ನಾಗಿ ಕೂಡಿಯೂ ನಡುವಿನ ಗೋಡೆ ಕರಗದೆ ಉಳಿದರೆ ಅದು ನಡುಗೋಡೆಯ ಗರ್ಭಕೋಶ, ವೈದ್ಯರ ಮಾತಿನಲ್ಲಿ ಸೆಪ್ಟೇಟ್ ಯುಟರಸ್. ಅಂಡಾಶಯಗಳು ಬೇರೆ ಮೂಲದಿಂದ ಹುಟ್ಟುವುದರಿಂದ ಇವರಲ್ಲಿ ಅವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆದ್ದರಿಂದ ಹುಡುಗಿಯ ಬೆಳವಣಿಗೆಯಲ್ಲಿ ಹೊರಗೆ ಯಾವ ಕೊರತೆಯೂ ಕಾಣುವುದಿಲ್ಲ. ಮೂತ್ರಪಿಂಡಗಳಾದರೋ ಮ್ಯೂಲರ್ ನಾಳಗಳ ನೆರೆಯಲ್ಲಿಯೇ, ಅದೇ ಕಾಲದಲ್ಲಿ ರೂಪುಗೊಳ್ಳುತ್ತವೆ. ಹೀಗಾಗಿ ಗರ್ಭಕೋಶದ ದೋಷವಿರುವವರಲ್ಲಿ ಒಂದು ಮೂತ್ರಪಿಂಡ ಇಲ್ಲದಿರುವುದು ಅಪರೂಪವೇನಲ್ಲ. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಮುನ್ನ ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸುವುದು ಈ ಕಾರಣಕ್ಕಾಗಿ.

ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದುದರಿಂದ ಮಗುವಿನ ಅಂಗ ಊನವಾಯಿತು ಎಂದು ಹೇಳುವ ವಾಡಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಗರ್ಭಕೋಶದ ಈ ದೋಷಗಳಿಗೂ ತಾಯಿಯ ನಡೆಗೂ ಅಂಥ ಯಾವ ಸಂಬಂಧವೂ ಇಲ್ಲ. ದೋಷವಿರುವ ಹೆಣ್ಣಿನ ತಪ್ಪಂತೂ ಮೊದಲೇ ಅಲ್ಲ.

ಎಷ್ಟು ಜನರಲ್ಲಿ?

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಸಾಮಾನ್ಯ ಸ್ತ್ರೀಯರಲ್ಲಿ ಶೇ. 5.5ರಷ್ಟು, ಮಕ್ಕಳಾಗದೆ ಚಿಕಿತ್ಸೆಗೆ ಬಂದವರಲ್ಲಿ ಶೇ. 8ರಷ್ಟು, ಗರ್ಭಪಾತವಾದವರಲ್ಲಿ ಶೇ. 13.3ರಷ್ಟು ಮಂದಿಗೆ ಯಾವುದಾದರೂ ಒಂದು ಬಗೆಯ ರಚನಾದೋಷವಿತ್ತು. ಗರ್ಭಪಾತವೂ ಬಂಜೆತನವೂ ಎರಡೂ ಇದ್ದವರಲ್ಲಿ ಈ ಪ್ರಮಾಣ ಶೇ. 24.5. ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬಹುದು. ತೊಂದರೆಯುಳ್ಳವರಲ್ಲಿ ದೋಷ ಹೆಚ್ಚು ಎಂಬುದು ಒಂದು. ಸಾಮಾನ್ಯ ಸ್ತ್ರೀಯರಲ್ಲಿಯೂ ನೂರಕ್ಕೆ ಐದಾರು ಮಂದಿಗೆ ಇಂಥ ವ್ಯತ್ಯಾಸ ಇದೆ, ಅವರಲ್ಲಿ ಬಹಳ ಮಂದಿ ಅದನ್ನರಿಯದೆಯೇ ಮಕ್ಕಳನ್ನು ಹೆತ್ತು ಬಾಳಿದ್ದಾರೆ ಎಂಬುದು ಇನ್ನೊಂದು. ಎರಡನೆಯ ಓದನ್ನು ಆಸ್ಪತ್ರೆಯ ಕೊಠಡಿಯಲ್ಲಿ ಮರೆಯುವುದು ಸುಲಭ.

ರೋಗನಿರ್ಣಯ

ನಡುಗೋಡೆಯ ಗರ್ಭಕೋಶವೂ ದ್ವಿಶೃಂಗ ಗರ್ಭಕೋಶವೂ ಒಳಗಿನಿಂದ ನೋಡಿದರೆ ಒಂದೇ ಬಗೆಯಾಗಿ ಕಾಣುತ್ತವೆ. ಎರಡರಲ್ಲಿಯೂ ಒಳಕೋಣೆ ಕವಲೊಡೆದ ಕೊಂಬೆಯ ಆಕಾರದಲ್ಲಿರುತ್ತದೆ. ವ್ಯತ್ಯಾಸವಿರುವುದು ಹೊರಮೈಯಲ್ಲಿ. ನಡುಗೋಡೆಯ ಗರ್ಭಕೋಶದ ನೆತ್ತಿ ಹೊರಗಿನಿಂದ ದುಂಡಗೆ ಇಲ್ಲವೆ ಚಪ್ಪಟೆಯಾಗಿರುತ್ತದೆ. ದ್ವಿಶೃಂಗದ ನೆತ್ತಿಯಲ್ಲಿ ಹಳ್ಳವಿದ್ದು, ಹೊರಗಿನಿಂದಲೂ ಎರಡು ಕೊಂಬುಗಳು ಕಾಣುತ್ತವೆ. ಮೊದಲನೆಯದರಲ್ಲಿ ನಡುವಿನ ಗೋಡೆಯನ್ನು ಒಳಗಿನಿಂದ ಕತ್ತರಿಸಬಹುದು. ಎರಡನೆಯದರಲ್ಲಿ ಗೋಡೆಯೆಂದು ಭ್ರಮಿಸಿ ಕತ್ತರಿಸಿದರೆ, ಕತ್ತರಿ ಗರ್ಭಕೋಶವನ್ನು ತೂರಿ ಹೊಟ್ಟೆಯೊಳಕ್ಕೆ ಹೋಗುತ್ತದೆ. ಆ ಹಳ್ಳದ ಆಚೆ ಇರುವುದು ಕರುಳು.

ಬಣ್ಣದ ದ್ರವವನ್ನು ತುಂಬಿ ತೆಗೆಯುವ ಎಕ್ಸ್-ರೇ, ಅಂದರೆ ಬಂಜೆತನದ ತಪಾಸಣೆಯಲ್ಲಿ ಸಾಮಾನ್ಯವಾಗಿ ಮಾಡಿಸುವ ಎಚ್‌ಎಸ್‌ಜಿ ಪರೀಕ್ಷೆಯು, ಒಳಕೋಣೆಯನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಅದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಕೈಹಾಕುವುದು ಸಲ್ಲದು. ಒಳಕೋಣೆಯನ್ನೂ ಹೊರಮೈಯನ್ನೂ ಒಟ್ಟಿಗೆ ತೋರಿಸುವ ಮೂರು ಆಯಾಮದ ಅಲ್ಟ್ರಾಸೌಂಡ್ ಇಂದು ಮೊದಲ ಆಯ್ಕೆ. ಸಂದೇಹ ಉಳಿದರೆ ಅಥವಾ ರಚನೆ ಜಟಿಲವಾಗಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಇವೆರಡೂ ಇಲ್ಲದ ಕಾಲದಲ್ಲಿ ಲ್ಯಾಪರೊಸ್ಕೋಪಿಯಿಂದ ಹೊರಮೈಯನ್ನೂ ಹಿಸ್ಟರೊಸ್ಕೋಪಿಯಿಂದ ಒಳಮೈಯನ್ನೂ ಏಕಕಾಲದಲ್ಲಿ ಕಂಡು ತೀರ್ಮಾನಿಸಬೇಕಾಗಿತ್ತು.

ಇಲ್ಲೊಂದು ತೊಡಕಿದೆ. ನೆತ್ತಿಯಿಂದ ಒಳಕ್ಕೆ ಎಷ್ಟು ಇಳಿದರೆ ಅದನ್ನು ನಡುಗೋಡೆ ಎನ್ನಬೇಕು? ಅಮೆರಿಕದ ಫಲವತ್ತತಾ ಸಂಘವು 1988ರಲ್ಲಿ ಮಾಡಿದ ವರ್ಗೀಕರಣ ಬಹುಕಾಲ ಬಳಕೆಯಲ್ಲಿತ್ತು. ಅದು ಅಳತೆಯನ್ನು ನಿಗದಿಪಡಿಸಿರಲಿಲ್ಲ. ಯುರೋಪಿನ ಎರಡು ವೈದ್ಯಸಂಘಗಳು 2013ರಲ್ಲಿ ಹೊಸ ವರ್ಗೀಕರಣವನ್ನು ಮಂಡಿಸಿ, ಒಳಚಾಚು ಗರ್ಭಕೋಶದ ಗೋಡೆಯ ದಪ್ಪದ ಅರ್ಧವನ್ನು ಮೀರಿದರೆ ಅದು ನಡುಗೋಡೆ ಎಂದವು. ಅಮೆರಿಕದ ಸಂಘವು 2016ರಲ್ಲಿ 1.5 ಸೆಂ.ಮೀ. ಆಳ ಮತ್ತು 90 ಡಿಗ್ರಿಗಿಂತ ಕಿರಿದಾದ ಕೋನ ಎಂಬ ಅಳತೆಯನ್ನು ಕೊಟ್ಟು, 2021ರ ಪರಿಷ್ಕೃತ ವರ್ಗೀಕರಣದಲ್ಲಿ ಆಳವನ್ನು 1 ಸೆಂ.ಮೀ.ಗೆ ಇಳಿಸಿತು. ಪರಿಣಾಮವಾಗಿ, ಒಂದೇ ಗರ್ಭಕೋಶವು ಒಂದು ಅಳತೆಯಲ್ಲಿ ಸಹಜವಾಗಿಯೂ ಇನ್ನೊಂದರಲ್ಲಿ ದೋಷಯುಕ್ತವಾಗಿಯೂ ಕಾಣಬಹುದು. ಸ್ಕ್ಯಾನ್ ವರದಿಯಲ್ಲಿ ದೋಷದ ಹೆಸರಷ್ಟೇ ಇದ್ದರೆ ಸಾಲದು. ಎಷ್ಟು ಮಿಲಿಮೀಟರ್ ಎಂದೂ ಇರಬೇಕು. ನೆತ್ತಿ ಒಳಕ್ಕೆ ಸ್ವಲ್ಪ ಬಾಗಿರುವ, ಕಮಾನಿನಾಕಾರದ ಗರ್ಭಕೋಶವನ್ನು ಈಗ ಸಹಜ ರೂಪಭೇದವೆಂದೇ ಪರಿಗಣಿಸುತ್ತಾರೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ.

ಇತಿಹಾಸ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ದೋಷಗಳನ್ನು ಸರಿಪಡಿಸಲು ಹೊಟ್ಟೆಯನ್ನು ಕೊಯ್ದು, ಗರ್ಭಕೋಶವನ್ನು ಸೀಳಿ, ಮತ್ತೆ ಹೊಲಿಯಬೇಕಾಗಿತ್ತು. ಎರಡು ಕೊಂಬುಗಳನ್ನು ಒಂದಾಗಿ ಹೊಲಿಯುವ ಜರ್ಮನಿಯ ಪಾಲ್ ಸ್ಟ್ರಾಸ್‌ಮನ್‌ನ ವಿಧಾನ 1907ರಷ್ಟು ಹಿಂದಿನದು. ನಡುಗೋಡೆಗಾಗಿ ಜೋನ್ಸ್ ಮತ್ತು ಟಾಂಪ್ಕಿನ್ಸ್ ಎಂಬುವರ ಹೆಸರಿನ ವಿಧಾನಗಳು ಅನಂತರ ಬಂದವು. ಗೋಡೆ ಹೋಗುತ್ತಿತ್ತು, ನಿಜ. ಆದರೆ ಗರ್ಭಕೋಶದ ಮೇಲೆ ದೊಡ್ಡ ಗಾಯದ ಗುರುತು ಉಳಿಯುತ್ತಿತ್ತು. ಕೆಲವು ತಿಂಗಳು ಗರ್ಭ ಧರಿಸುವಂತಿರಲಿಲ್ಲ, ಆಮೇಲೆ ಸಿಸೇರಿಯನ್ ಹೆರಿಗೆಯೇ ಗತಿಯಾಗುತ್ತಿತ್ತು, ಹೊಟ್ಟೆಯೊಳಗಿನ ಅಂಟುಗಳಿಂದ ಅಂಡನಾಳಗಳು ಮುಚ್ಚಿಹೋಗುವ ಭಯವೂ ಇತ್ತು.

ಗರ್ಭಕೋಶದ ಒಳಗನ್ನು ದರ್ಶಕದಿಂದ ನೋಡುವ ಪ್ರಯತ್ನ ಇದಕ್ಕಿಂತ ಹಳೆಯದು. 1869ರಲ್ಲಿ ಪಾಂಟಾಲಿಯೋನಿ ಎಂಬ ವೈದ್ಯ ಮೂತ್ರಾಂಗಗಳನ್ನು ನೋಡಲೆಂದು ಮಾಡಿದ್ದ ದರ್ಶಕವೊಂದರಿಂದ ರಕ್ತಸ್ರಾವವಿದ್ದ ಸ್ತ್ರೀಯೊಬ್ಬಳ ಗರ್ಭಕೋಶದಲ್ಲಿದ್ದ ದುರ್ಮಾಂಸವನ್ನು ಕಂಡು ಚಿಕಿತ್ಸೆ ಮಾಡಿದ. ಆದರೆ ಗರ್ಭಕೋಶವು ಖಾಲಿ ಕೋಣೆಯಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು ಗೋಡೆಗಳು. ಅದನ್ನು ದ್ರವದಿಂದ ಹಿಗ್ಗಿಸಿ ಹಿಡಿಯುವ, ಒಳಗೆ ಒಳ್ಳೆಯ ಬೆಳಕನ್ನು ಹಾಯಿಸುವ ಉಪಾಯಗಳು ಕೈಗೂಡಲು ನೂರು ವರ್ಷ ಹಿಡಿಯಿತು. ಹಿಸ್ಟರೊಸ್ಕೋಪಿಯಿಂದ ನಡುಗೋಡೆಯನ್ನು ಕತ್ತರಿಸಿದ ವರದಿಯನ್ನು ಎಡ್‌ಸ್ಟ್ರೋಮ್ 1974ರಲ್ಲಿ ಪ್ರಕಟಿಸಿದರು. 1980ರ ದಶಕ ಕಳೆಯುವುದರೊಳಗೆ ನಡುಗೋಡೆಗಾಗಿ ಹೊಟ್ಟೆಯನ್ನು ಕೊಯ್ಯುವ ಪದ್ಧತಿ ಹೆಚ್ಚುಕಡಿಮೆ ಹಿಂದೆ ಸರಿದಿತ್ತು.

ನಡುಗೋಡೆಯನ್ನು ಕತ್ತರಿಸುವ ವಿಧಾನ

ಮುಟ್ಟು ನಿಂತ ಕೆಲವೇ ದಿನಗಳಲ್ಲಿ ಗರ್ಭಕೋಶದ ಒಳಪದರ ತೆಳುವಾಗಿದ್ದು ನೋಟಕ್ಕೆ ಅಡ್ಡಬರುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಗೆ ಆ ಸಮಯವನ್ನು ಆರಿಸುತ್ತಾರೆ. ಅರಿವಳಿಕೆ ಕೊಟ್ಟು, ಗರ್ಭಕಂಠದ ಮೂಲಕ ದರ್ಶಕವನ್ನು ಒಳಕ್ಕೆ ಬಿಡುತ್ತಾರೆ. ತೆಳುವಾದ ದರ್ಶಕದ ವ್ಯಾಸ ಸುಮಾರು 5 ಮಿ.ಮೀ. ಅದಕ್ಕಿಂತ ದಪ್ಪನೆಯ, ವಿದ್ಯುತ್ತಿನಿಂದ ಕತ್ತರಿಸುವ ಉಪಕರಣಕ್ಕೆ ರಿಸೆಕ್ಟೋಸ್ಕೋಪ್ ಎಂದು ಹೆಸರು. ದ್ರವವನ್ನು ಹಾಯಿಸಿ ಗರ್ಭಕೋಶವನ್ನು ಹಿಗ್ಗಿಸಿದಾಗ ಪರದೆಯ ಮೇಲೆ ನಡುಗೋಡೆಯೂ ಅದರ ಎರಡು ಬದಿಯ ಕೋಣೆಗಳೂ, ಒಂದೊಂದು ಕೋಣೆಯ ಮೂಲೆಯಲ್ಲಿ ಅಂಡನಾಳದ ಬಾಯಿಯೂ ಕಾಣುತ್ತವೆ. ಆ ಎರಡು ಬಾಯಿಗಳೇ ಶಸ್ತ್ರವೈದ್ಯರಿಗೆ ದಿಕ್ಕು ತೋರಿಸುವ ಗುರುತುಗಳು.

ಗೋಡೆಯನ್ನು ಕೆಳತುದಿಯಿಂದ ನೆತ್ತಿಯ ಕಡೆಗೆ, ಸರಿಯಾಗಿ ನಡುಮಧ್ಯದಲ್ಲಿ ಕತ್ತರಿಸುತ್ತಾ ಹೋಗುತ್ತಾರೆ. ಸಣ್ಣ ಕತ್ತರಿ, ವಿದ್ಯುತ್ ತಂತಿ, ಲೇಸರ್ ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದು. ಒಂದಕ್ಕಿಂತ ಒಂದು ಸ್ಪಷ್ಟವಾಗಿ ಮೇಲು ಎಂದು ಸಿದ್ಧವಾಗಿಲ್ಲ. ಕತ್ತರಿಸಿದ ಗೋಡೆಯನ್ನು ಹೊರಕ್ಕೆ ತೆಗೆಯಬೇಕಾಗುವುದಿಲ್ಲ. ಎಳೆದು ಕಟ್ಟಿದ ರಬ್ಬರ್ ಪಟ್ಟಿಯನ್ನು ನಡುವೆ ಕತ್ತರಿಸಿದಂತೆ, ಎರಡು ಭಾಗಗಳೂ ಮುಂದಿನ ಮತ್ತು ಹಿಂದಿನ ಗೋಡೆಗಳೊಳಕ್ಕೆ ಕುಗ್ಗಿಕೊಳ್ಳುತ್ತವೆ. ಎರಡು ಕೋಣೆ ಒಂದಾಗಿ, ಅಂಡನಾಳಗಳ ಎರಡು ಬಾಯಿಗಳೂ ಒಂದೇ ನೋಟದಲ್ಲಿ ಕಾಣತೊಡಗಿದಾಗ, ಅಥವಾ ನೆತ್ತಿಯ ಸ್ನಾಯುವಿನಿಂದ ರಕ್ತ ಒಸರಲು ಆರಂಭವಾದಾಗ, ಕೈ ನಿಲ್ಲಬೇಕು. ನೆತ್ತಿಯಲ್ಲಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಬಾಧಕವಿಲ್ಲ. ಅಷ್ಟನ್ನೂ ತೆಗೆಯುತ್ತೇನೆಂದು ಹೊರಟರೆ ರಂಧ್ರವಾಗುವ ಅಪಾಯವೇ ಹೆಚ್ಚು. ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಹಿಡಿದು, ಇನ್ನೆಷ್ಟು ದಪ್ಪ ಉಳಿದಿದೆ ಎಂಬುದನ್ನು ನೋಡುತ್ತಾ ಕತ್ತರಿಸುವುದೂ ಉಂಟು. ಹೆಚ್ಚಿನವರು ಅದೇ ದಿನವೋ ಮರುದಿನವೋ ಮನೆಗೆ ಹೋಗಬಹುದು. ಹೊಟ್ಟೆಯ ಮೇಲೆ ಗಾಯವೇ ಇರುವುದಿಲ್ಲ. ಗರ್ಭಕೋಶದ ಒಳಭಾಗ ಸುಮಾರು ಎರಡು ತಿಂಗಳಲ್ಲಿ ಮಾಗುತ್ತದೆ. ಈ ಕಾರಣಕ್ಕೆ ಮಾತ್ರವೇ ಸಿಸೇರಿಯನ್ ಮಾಡಿಸಬೇಕಾಗಿಯೂ ಇಲ್ಲ.

ಅಪಾಯಗಳು

ಹಿಗ್ಗಿಸಲು ಬಳಸುವ ದ್ರವವು ಕತ್ತರಿಸಿದ ರಕ್ತನಾಳಗಳ ಮೂಲಕ ದೇಹದೊಳಕ್ಕೆ ಸೇರುತ್ತದೆ. ಹಳೆಯ ಬಗೆಯ ಏಕಧ್ರುವ ವಿದ್ಯುತ್ ಉಪಕರಣಕ್ಕೆ ಲವಣಾಂಶವಿಲ್ಲದ ಗ್ಲೈಸಿನ್‌ನಂಥ ದ್ರವ ಬೇಕು. ಅದು ಹೆಚ್ಚಾಗಿ ಸೇರಿದರೆ ರಕ್ತದ ಸೋಡಿಯಂ ಕುಸಿದು ಮಿದುಳಿಗೆ ಅಪಾಯವಾಗುತ್ತದೆ. ಆದ್ದರಿಂದ ಒಳಕ್ಕೆ ಹೋದ ದ್ರವಕ್ಕೂ ಹೊರಕ್ಕೆ ಬಂದ ದ್ರವಕ್ಕೂ ಇರುವ ವ್ಯತ್ಯಾಸ ಆರೋಗ್ಯವಂತರಲ್ಲಿ 1000 ಮಿ.ಲೀ. ತಲುಪಿದರೆ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಬೇಕು. ದ್ವಿಧ್ರುವ ಉಪಕರಣ ಮತ್ತು ಸಾಮಾನ್ಯ ಕತ್ತರಿಯೊಂದಿಗೆ ಸಲೈನ್ ಬಳಸಬಹುದಾದ್ದರಿಂದ ಈ ಮಿತಿ 2500 ಮಿ.ಲೀ.ವರೆಗೆ ಏರುತ್ತದೆ. ಲೆಕ್ಕವಿಡುವ ದಾದಿಯ ಕೆಲಸ ಇಲ್ಲಿ ಕತ್ತರಿ ಹಿಡಿದವರ ಕೆಲಸಕ್ಕಿಂತ ಕಡಿಮೆಯದಲ್ಲ.

ಗರ್ಭಕೋಶದಲ್ಲಿ ರಂಧ್ರವಾಗುವುದು, ರಕ್ತಸ್ರಾವ, ಸೋಂಕು, ಮಾಗುವಾಗ ಒಳಗೋಡೆಗಳು ಅಂಟಿಕೊಳ್ಳುವುದು ಇತರ ತೊಡಕುಗಳು. ಮುಂದೆ ಬಸಿರಾದಾಗ ಅಥವಾ ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶ ಬಿರಿದ ಪ್ರಸಂಗಗಳು ವಿರಳವಾದರೂ ವರದಿಯಾಗಿವೆ. ಹಾಗಾಗಿ ಈ ಚಿಕಿತ್ಸೆ ಆಗಿದೆಯೆಂಬುದನ್ನು ಹೆರಿಗೆ ಮಾಡಿಸುವ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಡಿಸ್ಚಾರ್ಜ್ ಚೀಟಿಯನ್ನು ವರ್ಷಗಟ್ಟಲೆ ಜೋಪಾನವಾಗಿಡುವುದು ಉಚಿತ.

ಪ್ರಯೋಜನವೆಷ್ಟು ಎಂಬ ಪ್ರಶ್ನೆ

ನಡುಗೋಡೆಯಿರುವವರಲ್ಲಿ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಮಗು ಅಡ್ಡವಾಗಿಯೋ ಪೃಷ್ಠ ಮುಂದಾಗಿಯೋ ನಿಲ್ಲುವುದು ಹೆಚ್ಚು. ಇದರಲ್ಲಿ ವಿವಾದವಿಲ್ಲ. ಗೋಡೆಯನ್ನು ತೆಗೆದರೆ ಈ ತೊಂದರೆಗಳು ತಪ್ಪುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಹಲವು ದಶಕಗಳ ಕಾಲ ಇದಕ್ಕೆ ಉತ್ತರ ಹೇಳಿದ್ದು, ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಅನಂತರದ ಸ್ಥಿತಿಯನ್ನು ಅದೇ ಸ್ತ್ರೀಯರಲ್ಲಿ ಹೋಲಿಸಿದ ಅಧ್ಯಯನಗಳು. ಮೊದಲು ಬಹುಪಾಲು ಗರ್ಭಗಳು ನಷ್ಟವಾಗಿದ್ದವು, ಅನಂತರ ಬಹುಪಾಲು ಉಳಿದವು ಎಂದು ಅವು ತೋರಿಸಿದವು.

ಈ ಹೋಲಿಕೆಯ ದೋಷವನ್ನು ಶಾಲೆಯ ಉದಾಹರಣೆಯಿಂದ ತಿಳಿಯಬಹುದು. ಒಂದು ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಹತ್ತು ಮಕ್ಕಳನ್ನು ಆರಿಸಿ ಮುಂದಿನ ಪರೀಕ್ಷೆಗೆ ಕೂರಿಸಿದರೆ, ನಡುವೆ ಯಾರೂ ಏನನ್ನೂ ಹೇಳಿಕೊಡದಿದ್ದರೂ ಅವರ ಸರಾಸರಿ ಸ್ವಲ್ಪ ಏರುತ್ತದೆ. ಮೊದಲ ದಿನ ಜ್ವರವಿದ್ದವನು, ಪ್ರಶ್ನೆ ತಪ್ಪಾಗಿ ಓದಿಕೊಂಡವಳು ಆ ಹತ್ತರಲ್ಲಿ ಸೇರಿರುತ್ತಾರೆ. ಹಾಗೆಯೇ ಗರ್ಭಪಾತವಾದವರನ್ನೇ ಆರಿಸಿ ಚಿಕಿತ್ಸೆ ಮಾಡಿದರೆ, ಮುಂದಿನ ಸಲ ಅವರಲ್ಲಿ ಅನೇಕರಿಗೆ ಮಗು ಉಳಿಯುವುದು ಚಿಕಿತ್ಸೆ ಇಲ್ಲದೆಯೂ ಸಂಭವ. ಚಿಕಿತ್ಸೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ತಿಳಿಯಲು, ಚಿಕಿತ್ಸೆ ಪಡೆಯದ ಒಂದು ಗುಂಪೂ ಇರಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು.

ಅಂಥ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಟ್ರಸ್ಟ್ ಎಂಬ ಹೆಸರಿನ ಈ ಪ್ರಯೋಗ ನೆದರ್ಲೆಂಡ್ಸ್‌ನ ಸಂಶೋಧಕರ ನೇತೃತ್ವದಲ್ಲಿ 2010ರಿಂದ 2018ರವರೆಗೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆಯಿತು. ಗರ್ಭಪಾತ, ಬಂಜೆತನ ಅಥವಾ ಅವಧಿಪೂರ್ವ ಹೆರಿಗೆಯ ಹಿನ್ನೆಲೆಯಿದ್ದ ನಡುಗೋಡೆಯ ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಶಸ್ತ್ರಚಿಕಿತ್ಸೆಯ ಗುಂಪಿನ 39 ಮಂದಿಯಲ್ಲಿ 12 ಮಂದಿ, ಅಂದರೆ ಶೇ. 31ರಷ್ಟು, ಜೀವಂತ ಮಗುವನ್ನು ಪಡೆದರು. ಕಾದುನೋಡಿದ ಗುಂಪಿನ 40 ಮಂದಿಯಲ್ಲಿ 14 ಮಂದಿ, ಅಂದರೆ ಶೇ. 35ರಷ್ಟು. ಶಸ್ತ್ರಚಿಕಿತ್ಸೆಯಿಂದ ಲಾಭ ಕಾಣಲಿಲ್ಲ. ಒಬ್ಬರಿಗೆ ಗರ್ಭಕೋಶದಲ್ಲಿ ರಂಧ್ರವೂ ಆಯಿತು.

ಈ ಫಲಿತಾಂಶ ವಾದವನ್ನು ಮುಗಿಸಲಿಲ್ಲ. ಎಂಟು ವರ್ಷ ಹುಡುಕಿದರೂ ಎಂಬತ್ತು ಮಂದಿಯಷ್ಟೇ ಸೇರಿದ್ದು ಅದರ ದೊಡ್ಡ ದೌರ್ಬಲ್ಯ. ಇಷ್ಟು ಸಣ್ಣ ಸಂಖ್ಯೆಯಲ್ಲಿ ನಿಜವಾದ ಲಾಭವೂ ನಿಜವಾದ ಹಾನಿಯೂ ಕಣ್ಣಿಗೆ ಬೀಳದೆ ಹೋಗಬಹುದು. ಸಣ್ಣ ಗೋಡೆಯವರನ್ನೂ ದೊಡ್ಡ ಗೋಡೆಯವರನ್ನೂ, ಗರ್ಭಪಾತವಾದವರನ್ನೂ ಗರ್ಭವೇ ನಿಲ್ಲದವರನ್ನೂ ಒಟ್ಟಿಗೆ ಎಣಿಸಿದ್ದು ಸರಿಯಲ್ಲ ಎಂಬ ಟೀಕೆಯೂ ಇದೆ. ಆದ್ದರಿಂದ ಪದೇ ಪದೇ ಗರ್ಭಪಾತವಾದವರಲ್ಲಿ, ಗೋಡೆ ದೊಡ್ಡದಿದ್ದರೆ, ಚಿಕಿತ್ಸೆ ಮಾಡುವ ತಜ್ಞರು ಈಗಲೂ ಹಲವರಿದ್ದಾರೆ. ಮಾಡಬಾರದೆನ್ನುವವರೂ ಇದ್ದಾರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಇದು ತಪ್ಪದೆ ಫಲ ಕೊಡುವ ಚಿಕಿತ್ಸೆ ಎಂಬ ಭರವಸೆಯನ್ನು ಇಂದಿನ ಆಧಾರಗಳ ಮೇಲೆ ಯಾರೂ ಕೊಡಲಾರರು. ಮಗುವಾಗಲಿಲ್ಲವೆಂದು ಸೊಸೆಯ ಮೇಲೆ ಮನೆಯವರ ಒತ್ತಡವಿರುವಲ್ಲಿ, ಏನಾದರೊಂದು ಮಾಡಿಸಿದೆವು ಎಂಬ ಸಮಾಧಾನಕ್ಕಾಗಿ ಅವಳು ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳುವ ಸಂಭವ ಉಂಟು. ಕಾದುನೋಡುವುದೂ ಒಂದು ಆಯ್ಕೆ ಎಂಬುದನ್ನು ಅವಳಿಗೆ ಹೇಳಬೇಕಾದದ್ದು ನ್ಯಾಯ.

ದ್ವಿಶೃಂಗ ಮತ್ತು ಜೋಡಿ ಗರ್ಭಕೋಶಗಳಿಗೆ ಇಂದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಸ್ಟ್ರಾಸ್‌ಮನ್ ವಿಧಾನವನ್ನು ಲ್ಯಾಪರೊಸ್ಕೋಪಿಯಿಂದ ಮಾಡಬಹುದಾದರೂ ಅದರ ಅಗತ್ಯ ಬರುವುದು ತೀರ ಅಪರೂಪಕ್ಕೆ.

ಮುಟ್ಟಿನ ರಕ್ತಕ್ಕೆ ತಡೆಯಿರುವ ದೋಷಗಳು

ಮೇಲಿನ ಸಂದೇಹಗಳಿಗೆ ಎಡೆಯಿಲ್ಲದ ಒಂದು ಗುಂಪಿದೆ. ಗರ್ಭಕೋಶದ ಒಂದು ಭಾಗದಲ್ಲಿ ಮುಟ್ಟಿನ ರಕ್ತ ಉಂಟಾಗಿ ಅದಕ್ಕೆ ಹೊರಬರುವ ದಾರಿಯಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಏಕಶೃಂಗ ಗರ್ಭಕೋಶದ ಪಕ್ಕದಲ್ಲಿ ಕೆಲವೊಮ್ಮೆ ಅರೆಬೆಳೆದ ಇನ್ನೊಂದು ಕೊಂಬು ಇದ್ದು, ಅದರಲ್ಲಿ ಒಳಪದರವಿದ್ದೂ ಮುಖ್ಯ ಕೋಣೆಗೆ ಸಂಪರ್ಕವಿರುವುದಿಲ್ಲ. ತಿಂಗಳು ತಿಂಗಳೂ ಅಲ್ಲಿ ರಕ್ತ ಕೂಡಿಕೊಳ್ಳುತ್ತದೆ, ಅಂಡನಾಳದಿಂದ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಎಂಡೊಮೆಟ್ರಿಯೋಸಿಸ್ ಉಂಟುಮಾಡುತ್ತದೆ. ಆ ಕೊಂಬಿನಲ್ಲಿಯೇ ಗರ್ಭ ನಿಂತುಬಿಟ್ಟರೆ, ಅದು ಸಾಮಾನ್ಯವಾಗಿ ನಾಲ್ಕರಿಂದ ಆರನೆಯ ತಿಂಗಳೊಳಗೆ ಬಿರಿದು ತಾಯಿಯ ಜೀವಕ್ಕೆ ಎರವಾಗಬಹುದು. ಲ್ಯಾಪರೊಸ್ಕೋಪಿಯಿಂದ ಆ ಕೊಂಬನ್ನೂ ಅದರ ಅಂಡನಾಳವನ್ನೂ ತೆಗೆಯುತ್ತಾರೆ. ಅಂಡಾಶಯವನ್ನು ಉಳಿಸುತ್ತಾರೆ.

ಇನ್ನೊಂದು ಬಗೆಯಲ್ಲಿ ಜೋಡಿ ಗರ್ಭಕೋಶದ ಒಂದು ಬದಿ ಯೋನಿಯೊಳಗಿನ ಅಡ್ಡಗೋಡೆಯಿಂದ ಮುಚ್ಚಿಹೋಗಿದ್ದು, ಅದೇ ಬದಿಯ ಮೂತ್ರಪಿಂಡ ಇರುವುದಿಲ್ಲ. ಯೋನಿಯ ಮೂಲಕವೇ ಆ ಗೋಡೆಯನ್ನು ತೆಗೆದರೆ ಹುಡುಗಿ ಪೂರ್ತಿ ಗುಣವಾಗುತ್ತಾಳೆ. ಅನೇಕ ಕಡೆ ಇದಕ್ಕೂ ಹಿಸ್ಟರೊಸ್ಕೋಪನ್ನು ಬಳಸುತ್ತಾರೆ. ಹಾಗೆ ಮಾಡಿದಾಗ ಕನ್ಯಾಪೊರೆಗೆ ಧಕ್ಕೆಯಾಗುವುದಿಲ್ಲ.

ಈ ದೋಷಗಳು ತಡವಾಗಿ ಪತ್ತೆಯಾಗಲು ಕಾರಣವೇನೆಂದರೆ, ಇನ್ನೊಂದು ಬದಿಯಿಂದ ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಲೇ ಇರುತ್ತದೆ. ಮುಟ್ಟು ಸರಿಯಾಗಿದೆ, ನೋವು ಎಲ್ಲರಿಗೂ ಇರುವುದೇ, ಮದುವೆಯಾದರೆ ಹೋಗುತ್ತದೆ ಎಂದು ಹಿರಿಯರು ಸುಮ್ಮನಾಗುತ್ತಾರೆ. ಮೈನೆರೆದ ಕೆಲವೇ ತಿಂಗಳುಗಳಲ್ಲಿ ಆರಂಭವಾಗಿ ಸಲದಿಂದ ಸಲಕ್ಕೆ ಏರುತ್ತಲೇ ಹೋಗುವ, ಒಂದೇ ಬದಿಗೆ ಹೆಚ್ಚಾಗಿರುವ, ಮಾತ್ರೆಗೆ ಬಗ್ಗದ, ತಿಂಗಳಿಗೆ ಎರಡು ಮೂರು ದಿನ ಶಾಲೆ ತಪ್ಪಿಸುವ ನೋವಿಗೆ ಒಂದು ಅಲ್ಟ್ರಾಸೌಂಡ್ ಪರೀಕ್ಷೆಯಾದರೂ ಆಗಬೇಕು. ಹಾಜರಿ ಪುಸ್ತಕವನ್ನು ಗಮನಿಸುವ ಶಿಕ್ಷಕಿಗೆ ಇದು ತಾಯಿಗಿಂತ ಮೊದಲೇ ತಿಳಿಯಬಹುದು.

ಗರ್ಭಕೋಶವೇ ಇಲ್ಲದಿರುವುದು

ಸುಮಾರು 4500ರಿಂದ 5000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಗರ್ಭಕೋಶವೂ ಯೋನಿಯ ಮೇಲ್ಭಾಗವೂ ಬೆಳೆದಿರುವುದಿಲ್ಲ. ಇದನ್ನು ವಿವರಿಸಿದ ನಾಲ್ವರು ವೈದ್ಯರ ಹೆಸರುಗಳನ್ನು ಕೂಡಿಸಿ ಮೇಯರ್-ರೊಕಿಟಾನ್ಸ್ಕಿ-ಕ್ಯೂಸ್ಟರ್-ಹೌಸರ್ ಸಿಂಡ್ರೋಮ್ ಎನ್ನುತ್ತಾರೆ. ಎಲ್ಲ ಬೆಳವಣಿಗೆಯೂ ಸರಿಯಾಗಿದ್ದು ಹದಿನೈದು ಹದಿನಾರು ವರ್ಷವಾದರೂ ಮುಟ್ಟು ಬಾರದಿರುವುದೇ ಮೊದಲ ಸೂಚನೆ. ದಾಂಪತ್ಯಕ್ಕಾಗಿ ಯೋನಿಯನ್ನು ಹಿಗ್ಗಿಸಿಕೊಳ್ಳಲು ಮೊದಲ ಚಿಕಿತ್ಸೆ ಶಸ್ತ್ರವಲ್ಲ. ನಯವಾದ ಹಿಗ್ಗಿಸುವ ಸಾಧನಗಳನ್ನು ಸ್ವತಃ ಕ್ರಮವಾಗಿ ಬಳಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದೇ ಸಾಕಾಗುತ್ತದೆ. ಸಾಲದಿದ್ದರೆ ಲ್ಯಾಪರೊಸ್ಕೋಪಿಯಿಂದ ಮಾಡುವ ವೆಕ್ಕಿಯೆಟ್ಟಿ ವಿಧಾನವುಂಟು. ಇದರಲ್ಲಿ ಯೋನಿಯ ಕುಳಿಯಲ್ಲಿಟ್ಟ ಆಲಿವ್ ಹಣ್ಣಿನಾಕಾರದ ಮಣಿಯೊಂದನ್ನು ಹೊಟ್ಟೆಯ ಮೇಲೆ ಕಟ್ಟಿದ ದಾರಗಳಿಂದ ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಒಂದು ವಾರ ಎಳೆಯುತ್ತಾರೆ.

ಅಂಡಾಶಯಗಳು ಸರಿಯಾಗಿರುವುದರಿಂದ ಇವರು ತಮ್ಮದೇ ಅಂಡದಿಂದ ಮಗುವನ್ನು ಪಡೆಯುವ ಸಾಧ್ಯತೆಯಿದೆ. ಭಾರತದಲ್ಲಿ 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯಡಿ, ಹಣದ ವ್ಯವಹಾರವಿಲ್ಲದ ಬಾಡಿಗೆ ತಾಯ್ತನಕ್ಕೆ ಗರ್ಭಕೋಶವಿಲ್ಲದಿರುವುದು ಅಂಗೀಕೃತ ಕಾರಣಗಳಲ್ಲೊಂದು. ಇನ್ನೊಂದು ದಾರಿ ಗರ್ಭಕೋಶದ ಕಸಿ. ಈ ಸಿಂಡ್ರೋಮ್ ಇದ್ದ ಸ್ವೀಡನ್ನಿನ ಸ್ತ್ರೀಯೊಬ್ಬರು, ಮ್ಯಾಟ್ಸ್ ಬ್ರೆನ್‌ಸ್ಟ್ರೋಮ್ ಅವರ ತಂಡವು ಕಸಿ ಮಾಡಿದ್ದ ಗರ್ಭಕೋಶದಲ್ಲಿ ಮಗುವನ್ನು ಹೊತ್ತು 2014ರ ಸೆಪ್ಟೆಂಬರಿನಲ್ಲಿ ಹೆತ್ತರು. ಜಗತ್ತಿನಲ್ಲಿ ಹೀಗೆ ಹುಟ್ಟಿದ ಮೊದಲ ಮಗು ಅದು. ಅಲ್ಲಿ ದಾನಿಯ ಗರ್ಭಕೋಶವನ್ನು ಹೊಟ್ಟೆ ತೆರೆದು ತೆಗೆದಿದ್ದರು. 2017ರ ಮೇ ತಿಂಗಳಲ್ಲಿ ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಶೈಲೇಶ್ ಪುಣತಾಂಬೇಕರ್ ಅವರ ತಂಡ ಭಾರತದ ಮೊದಲ ಗರ್ಭಕೋಶ ಕಸಿಯನ್ನು ನಡೆಸಿದಾಗ, ತಾಯಿಯ ಗರ್ಭಕೋಶವನ್ನು ಮಗಳಿಗಾಗಿ ಲ್ಯಾಪರೊಸ್ಕೋಪಿಯಿಂದಲೇ ಹೊರತೆಗೆಯಲಾಯಿತು.